ಬೆಲೆಯ ಕಾಲಂ ಖಾಲಿ

ನಮ್ಮ ಊಟದ ಮೇಜಿನ ಮೇಲೆ ಉದ್ದನೆಯ ರಟ್ಟಿನ ಲೆಕ್ಕದ ಪುಸ್ತಕವೊಂದಿದೆ. 8 ತಿಂಗಳಿಂದ ಅದಕ್ಕೆ ಅಲ್ಲೇ ಜಾಗ. ತಟ್ಟೆ ಇಡುವಾಗ ಪಕ್ಕಕ್ಕೆ ಸರಿಸುತ್ತೇವೆ, ಉಂಡು ಮುಗಿದ ಮೇಲೆ ಮತ್ತೆ ಹತ್ತಿರಕ್ಕೆ ಎಳೆದುಕೊಳ್ಳುತ್ತೇವೆ. ಪುಟವನ್ನು ಅಡ್ಡ ತಿರುಗಿಸಿ, ಸ್ಕೇಲಿಟ್ಟು ನಾನೇ ಗೆರೆ ಹಾಕಿದ್ದೇನೆ. ಮಾದರಿಯ ಹೆಸರು, ಒಟ್ಟು ಉದ್ದ, ಖಾಲಿ ತೂಕ, ಗರಿಷ್ಠ ತೂಕ, ಕೊಂಡಿಯ ಮೇಲೆ ಬೀಳುವ ಭಾರ, ನೀರಿನ ಟ್ಯಾಂಕು, ಹಾಸಿಗೆಯ ಅಳತೆ, ಬ್ಯಾಟರಿ, ಕೊನೆಯಲ್ಲಿ ಬೆಲೆ. 11 ಹೊಸ ಕ್ಯಾರವಾನ್‌ಗಳು ಒಂದರ ಕೆಳಗೊಂದು ಸಾಲಾಗಿವೆ. ಎಡದಿಂದ ಬಲಕ್ಕೆ ಓದಿಕೊಂಡು ಹೋದರೆ ಪ್ರತಿ ಸಾಲೂ ತುಂಬಿದೆ. ಕೊನೆಯ ಕಾಲಂಗೆ ಬಂದಾಗ ಮಾತ್ರ ಹೆಚ್ಚುಕಡಿಮೆ ಬರೀ ಬಿಳಿ ಕಾಗದ.

ಕ್ಯಾರವಾನ್ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಚಕ್ರದ ಮನೆ. ಮಲಗಲು ಹಾಸಿಗೆ, ಅಡುಗೆಗೆ ಒಲೆ, ಪುಟ್ಟ ಬಚ್ಚಲು, ಕಿಟಕಿಯ ಪಕ್ಕ ಇಬ್ಬರು ಎದುರುಬದುರು ಕೂರಬಹುದಾದ ಮೇಜು. ನಾನೂ ನಮ್ಮವರೂ ಕೆಲಸದಿಂದ ನಿವೃತ್ತರಾದ ವರ್ಷವೇ ಇದರ ಆಸೆ ಹುಟ್ಟಿತು. ಹೋಟೆಲಿನಲ್ಲಿ ರೂಮು ಸಿಗುತ್ತದೋ ಇಲ್ಲವೋ ನೋಡಿಕೊಂಡು ಊರು ಆರಿಸುವುದು ಸಾಕಾಗಿತ್ತು. ಹಿಡಿಸಿದ ಕಡೆ ಇನ್ನೆರಡು ದಿನ ನಿಲ್ಲಬೇಕು, ಹಿಡಿಸದಿದ್ದರೆ ಬೆಳಗಾದ ಕೂಡಲೇ ಹೊರಡಬೇಕು, ಅಂಥ ತಿರುಗಾಟ ಬೇಕಿತ್ತು. ಹಳೆಯದನ್ನೇ ಕೊಳ್ಳೋಣ ಎಂದು ಮೊದಲು ಯೋಚಿಸಿದ್ದೆವು. ಆದರೆ ಕ್ಯಾರವಾನ್‌ನ ದೊಡ್ಡ ಶತ್ರು ನೀರು. ಗೋಡೆ ಸೇರುವ ಸಂದಿಯಿಂದ ಇಳಿದ ತೇವ ಒಳಗಿನ ಮರದ ಚೌಕಟ್ಟನ್ನು ವರ್ಷಗಟ್ಟಲೆ ಸದ್ದಿಲ್ಲದೆ ತಿನ್ನುತ್ತಿರುತ್ತದೆ, ಹೊರಗಿನ ಹಾಳೆ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಅದನ್ನು ಕಂಡುಹಿಡಿಯುವ ಅನುಭವ ನಮಗಿಲ್ಲ. ಹೊಸದೇ ಇರಲಿ, ಇನ್ನು 15 ವರ್ಷ ಅದೇ ನಮ್ಮ ಎರಡನೇ ಮನೆ ಎಂದು ತೀರ್ಮಾನಿಸಿದೆವು. ಇರುವ ಮನೆಯೊಂದನ್ನು ಬಿಟ್ಟರೆ ನಾವು ಜೀವಮಾನದಲ್ಲಿ ಕೊಳ್ಳುವ ಅತಿ ದುಬಾರಿ ವಸ್ತು ಇದೇ ಆಗುತ್ತದೆ. ಅದಕ್ಕೇ ಈ ಪುಸ್ತಕ.

ಬ್ರೋಷರ್‌ಗಳನ್ನು ನೋಡಿದರೆ ಇವರು ಏನನ್ನೂ ಮುಚ್ಚಿಡುವವರಲ್ಲ ಅನ್ನಿಸುತ್ತದೆ. ಫ್ರಿಜ್ ಎಷ್ಟು ಲೀಟರಿನದು, ಹೊರಗೋಡೆಯ ಹಾಳೆ ಎಷ್ಟು ದಪ್ಪ, ಸೀಟಿನ ಹೊಲಿಗೆ ಯಾವ ಬಣ್ಣದ್ದು, ನಲ್ಲಿ ಕಪ್ಪೋ ಬೆಳ್ಳಿಬಣ್ಣದ್ದೋ, ಎಲ್ಲವೂ ಅಲ್ಲಿದೆ. ಬೆರಳಿಂದ ಸರಿಸಿದರೆ ಒಳಗಿನ ಮೂಲೆಮೂಲೆಯೂ ತಿರುಗಿ ಕಾಣಿಸುವ ಚಿತ್ರಗಳಿವೆ. ಬೆಲೆಯ ಜಾಗದಲ್ಲಿ ಮಾತ್ರ ಒಂದು ಗುಂಡಿ: 'ಬೆಲೆಗಾಗಿ ವಿಚಾರಿಸಿ'. ಒತ್ತಿದರೆ ಅರ್ಜಿ ತೆರೆದುಕೊಳ್ಳುತ್ತದೆ. ಹೆಸರು, ಫೋನ್ ನಂಬರು, ಇಮೇಲ್. ಯಾವಾಗ ಕೊಳ್ಳುವ ಯೋಚನೆ? ಬದಲಿಗೆ ಕೊಡಲು ಹಳೆಯ ಕ್ಯಾರವಾನ್ ಇದೆಯೇ? ಸಾಲ ಬೇಕಾಗುತ್ತದೆಯೇ? ಇಷ್ಟನ್ನೂ ತುಂಬಿ ಕಳಿಸಿದ ಮೇಲಾದರೂ ಬೆಲೆ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಫೋನ್ ಕರೆ. "ಮೇಡಂ, ಒಂದ್ಸಲ ಬಂದು ನೋಡಿ, ಆಮೇಲೆ ಕೂತು ಮಾತಾಡೋಣ."

ಹೋದೆವು. ಎರಡು ಗಂಟೆಯ ದಾರಿ. ಅಂಗಳದಲ್ಲಿ ಸಾಲಾಗಿ ನಿಂತಿದ್ದ ಕ್ಯಾರವಾನ್‌ಗಳ ಕಿಟಕಿಗೆ ಚೀಟಿಗಳೇನೋ ಅಂಟಿಸಿದ್ದವು. ದೂರದಿಂದ ನೋಡಿ ಬೆಲೆಯೇ ಇರಬೇಕೆಂದು ಹತ್ತಿರ ಹೋದೆ. ಮಾದರಿಯ ಹೆಸರು, 'ಕುಟುಂಬಕ್ಕೆ ಹೇಳಿ ಮಾಡಿಸಿದ್ದು' ಎಂಬ ಸಾಲು, ಒಂದು ಸೂರ್ಯನ ಚಿತ್ರ. ಮಾರಾಟದ ಯುವಕ ಒಳ್ಳೆಯವನೇ. ಬಾಗಿಲು ತೆಗೆದ, ಮೆಟ್ಟಿಲು ಇಳಿಸಿದ, ಹಾಸಿಗೆಯ ಮೇಲೆ ಮಲಗಿ ನೋಡಿ ಎಂದ. ಬೆಲೆ ಎಷ್ಟಪ್ಪ ಎಂದು ಕೇಳಿದೆ. ನಗುತ್ತಲೇ ನಮ್ಮವರ ಕಡೆ ತಿರುಗಿ ಕೇಳಿದ: "ಸರ್, ನಿಮ್ಮ ಬಜೆಟ್ ಎಷ್ಟು ಅಂತ ಹೇಳಿದ್ರೆ ಅದಕ್ಕೆ ಹೊಂದೋದನ್ನ ತೋರಿಸ್ತೀನಿ."

ಕೇಳಿದವಳು ನಾನು, ಉತ್ತರ ಹೋದದ್ದು ಅವರಿಗೆ. ಅದನ್ನು ಆಮೇಲೆ ನೋಡೋಣ. ಆ ಹೊತ್ತಿಗೆ ನನ್ನನ್ನು ನಾಟಿದ್ದು ಪ್ರಶ್ನೆ ತಿರುವುಮುರುವಾದ ಬಗೆ.

ನಾನು 28 ವರ್ಷ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವಳು. ಕುರ್ಚಿ ಕೊಳ್ಳಲಿ, ಜನರೇಟರ್ ಕೊಳ್ಳಲಿ, ಮೂರು ಕಡೆಯಿಂದ ಕೊಟೇಶನ್ ತರಿಸುತ್ತಿದ್ದೆವು. ದೊಡ್ಡ ಖರೀದಿಯಾದರೆ ಅಂಟಿಸಿದ ಲಕೋಟೆಗಳು ಬರುತ್ತಿದ್ದವು, ಎಲ್ಲರೆದುರು ಒಂದೇ ಹೊತ್ತಿಗೆ ಒಡೆಯುತ್ತಿದ್ದೆವು. ಈ ಖರೀದಿಗೆ ನಮ್ಮಲ್ಲಿ ಎಷ್ಟು ಹಣ ಮಂಜೂರಾಗಿದೆ ಎಂಬುದು ಮಾರುವವರಿಗೆ ತಿಳಿಯಬಾರದು ಎನ್ನುವುದು ಕೆಲಸಕ್ಕೆ ಸೇರಿದ ವಾರವೇ ನನ್ನ ಮೇಲಿನವರು ಹೇಳಿಕೊಟ್ಟ ಪಾಠ. ಅದು ತಿಳಿದರೆ ಬರುವ ದರಗಳೆಲ್ಲ ಅದರ ಹತ್ತಿರಕ್ಕೇ ಬಂದು ಕೂರುತ್ತವೆ. ಈಗ ನಿವೃತ್ತಿಯ ಹಣ ಹಿಡಿದು ನಿಂತವಳಿಗೆ, ಮೊದಲು ನಿನ್ನ ಲಕೋಟೆ ಒಡೆ, ಆಮೇಲೆ ನಮ್ಮದು ಎನ್ನುತ್ತಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕೇಳುತ್ತ ಬೆಳೆದವರು ನಾವು. ನನ್ನ ಹಾಸಿಗೆ ಎಷ್ಟುದ್ದ ಎಂಬುದು ನನಗೆ ಚೆನ್ನಾಗಿ ಗೊತ್ತು. ಕಾಲು ಎಷ್ಟು ಚಾಚಬೇಕಾಗುತ್ತದೆ ಎಂದು ಹೇಳುವವರೇ ಇಲ್ಲ.

ಸಿಟ್ಟು ಬಂದಾಗ ಓದಲು ಕೂರುವುದು ನನ್ನ ಅಭ್ಯಾಸ. ಬೆಲೆ ಬರೆದಿಡುವ ಪದ್ಧತಿ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಅವರನ್ನು ಅನುಸರಿಸಿದ ಕ್ವೇಕರ್ ಎಂಬ ಕ್ರೈಸ್ತ ಪಂಥದ ವ್ಯಾಪಾರಿಗಳು ಚೌಕಾಶಿಯನ್ನೇ ಬಿಟ್ಟರು. ತಾನು ತೆಗೆದುಕೊಳ್ಳಲು ಒಪ್ಪುವುದಕ್ಕಿಂತ ಹೆಚ್ಚಿನ ಬೆಲೆ ಹೇಳುವುದು ಅವರ ದೃಷ್ಟಿಯಲ್ಲಿ ಸುಳ್ಳು ಹೇಳಿದಂತೆ. ಮೊದಮೊದಲು ಅವರ ಅಂಗಡಿಗೆ ಗಿರಾಕಿಗಳು ಕಡಿಮೆಯಾದರಂತೆ. ಆಮೇಲೆ ಜನಕ್ಕೆ ಒಂದು ವಿಷಯ ಹೊಳೆಯಿತು: ಇವರ ಅಂಗಡಿಗೆ ಮಗುವನ್ನು ಕಳಿಸಿದರೂ ದೊಡ್ಡವರಿಗೆ ಕೊಡುವ ಬೆಲೆಗೇ ಕೊಡುತ್ತಾರೆ. ಫಾಕ್ಸ್ ಇದನ್ನು ಸ್ವತಃ ಬರೆದಿಟ್ಟಿದ್ದಾರೆ. ಓದುತ್ತಿದ್ದಂತೆ ಅಂಗಳದಲ್ಲಿ ನಮ್ಮವರ ಕಡೆ ತಿರುಗಿದ ಆ ಮುಖ ನೆನಪಾಯಿತು. ನಿಂತವರು ಯಾರೆಂದು ನೋಡದೆಯೇ ಹೇಳಬಹುದಾದದ್ದು, ಅದೇ ಬೆಲೆ.

ಆಮೇಲಿನ ಹೆಜ್ಜೆ ಪ್ಯಾರಿಸ್‌ನದು. 1852ರಲ್ಲಿ ಬಾನ್ ಮಾರ್ಷೆ ಮಳಿಗೆಗೆ ಪಾಲುದಾರರಾಗಿ ಬಂದ ಅರಿಸ್ಟೀಡ್ ಬೂಸಿಕೊ ಎಲ್ಲ ಸರಕಿಗೂ ನಿಗದಿತ ಬೆಲೆ ಬರೆಸಿದರು. ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲದೆ ಯಾರು ಬೇಕಾದರೂ ಒಳಗೆ ಬಂದು ನೋಡಿ ಹೋಗಬಹುದಿತ್ತು. ಈ ಎರಡೂ ಒಟ್ಟಿಗೆ ಬಂದದ್ದು ಯಾಕೆಂದು ನನಗೀಗ ಅರ್ಥವಾಗುತ್ತದೆ. ಬೆಲೆ ಬರೆದಿದ್ದರೆ ತಾನೇ ಸುಮ್ಮನೆ ನೋಡಿಕೊಂಡು ಹೊರಬರಲು ಸಾಧ್ಯ? ಬೆಲೆ ಇಲ್ಲದ ಕಡೆ ಮಾತಾಡಲೇಬೇಕು. ಮಾತಾಡಿದ ಮೇಲೆ ಎದ್ದು ಬರುವುದು ಕಷ್ಟ.

ವಾಹನಗಳ ವಿಷಯಕ್ಕೆ ಬಂದರೆ ಅಮೆರಿಕದ 1958ರ ಕಾನೂನೊಂದು ನನಗೆ ಬಹಳ ಮುಖ್ಯವಾಗಿ ಕಂಡಿತು. ಅದಕ್ಕೆ ಮುಂಚೆ ಹೊಸ ಕಾರಿಗೆ ತಯಾರಕರು ಇಟ್ಟ ಬೆಲೆ ಎಷ್ಟೆಂದು ಕೊಳ್ಳುವವರಿಗೆ ತಿಳಿಯುತ್ತಿರಲಿಲ್ಲ. ಕೆಲವು ಡೀಲರ್‌ಗಳು ಬೆಲೆಯನ್ನು ಮೊದಲೇ ಉಬ್ಬಿಸಿ, ನಿಮ್ಮ ಹಳೆಯ ಕಾರಿಗೆ ಭಾರಿ ಬೆಲೆ ಕೊಡುತ್ತಿದ್ದೇವೆ ಎಂದು ಹೇಳಿ ಸರಿದೂಗಿಸುತ್ತಿದ್ದರು. ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ಇದರ ವಿಚಾರಣೆ ನಡೆಸಿ ಕಾನೂನು ತಂದರು. ಅಂದಿನಿಂದ ಹೊಸ ಕಾರಿನ ಗಾಜಿನ ಮೇಲೆ ಒಂದು ಚೀಟಿ ಇರಲೇಬೇಕು: ತಯಾರಕರು ಸೂಚಿಸಿದ ಮೂಲ ಬೆಲೆ, ಕಾರ್ಖಾನೆಯಲ್ಲೇ ಅಳವಡಿಸಿದ ಪ್ರತಿಯೊಂದು ಹೆಚ್ಚುವರಿ ಸಲಕರಣೆಗೆ ಎಷ್ಟು, ಸಾಗಣೆಗೆ ಎಷ್ಟು, ಒಟ್ಟು ಎಷ್ಟು. ಕೊಂಡವರ ಕೈಗೆ ಕಾರು ಸೇರುವ ಮುನ್ನ ಡೀಲರ್ ಅದನ್ನು ಕಿತ್ತರೆ ಅಪರಾಧ. ಚೌಕಾಶಿ ನಿಲ್ಲಲಿಲ್ಲ, ನಿಲ್ಲಿಸುವುದು ಕಾನೂನಿನ ಉದ್ದೇಶವೂ ಆಗಿರಲಿಲ್ಲ. ಚೌಕಾಶಿ ಎಲ್ಲಿಂದ ಶುರುವಾಗಬೇಕು ಎಂಬುದಕ್ಕೆ ಇಬ್ಬರಿಗೂ ಕಾಣುವ ಒಂದು ಗೆರೆ ಸಿಕ್ಕಿತು, ಅಷ್ಟೇ. ಆದರೆ ಆ ಕಾನೂನು ಹೇಳುವುದು ಕಾರಿನ ಮಾತು. ಕಾರಿನ ಹಿಂದೆ ಕಟ್ಟುವ ಕ್ಯಾರವಾನ್ ಅದರ ಹೊರಗೇ ಉಳಿಯಿತು.

ಬೇರೆ ಕಡೆಯ ಕಾನೂನುಗಳನ್ನು ನೋಡಿದಾಗ ಇನ್ನೊಂದು ಸೂಕ್ಷ್ಮ ಕಂಡಿತು. ಆಸ್ಟ್ರೇಲಿಯಾದಲ್ಲಿ 2011ರಿಂದ ಜಾರಿಯಲ್ಲಿರುವ ಗ್ರಾಹಕ ಕಾನೂನಿನ ಪ್ರಕಾರ, ಬೆಲೆಯ ಒಂದು ಭಾಗವನ್ನು ಹೇಳಿದರೆ ಕಡ್ಡಾಯವಾಗಿ ಕೊಡಬೇಕಾದ ಶುಲ್ಕಗಳೆಲ್ಲ ಸೇರಿದ ಒಟ್ಟು ಬೆಲೆಯನ್ನೂ ಎದ್ದು ಕಾಣುವಂತೆ ಹೇಳಬೇಕು. ಯುರೋಪಿನಲ್ಲಿ 1998ರ ಬೆಲೆ ಸೂಚನೆಯ ನಿರ್ದೇಶನವಿದೆ. ಕಾರಿನ ಜಾಹೀರಾತಿನಲ್ಲಿ ಒಂದು ಬೆಲೆ ಹಾಕಿ, ಕಾರ್ಖಾನೆಯಿಂದ ಡೀಲರ್‌ವರೆಗಿನ ಸಾಗಣೆ ಖರ್ಚನ್ನು ಬೇರೆಯಾಗಿ ತೋರಿಸಿದ್ದ ಪ್ರಕರಣವೊಂದು ಅಲ್ಲಿನ ನ್ಯಾಯಾಲಯಕ್ಕೆ ಬಂದಿತ್ತು. ಗ್ರಾಹಕ ತಪ್ಪದೆ ಕೊಡಬೇಕಾದ ಖರ್ಚು ಮಾರಾಟ ಬೆಲೆಯೊಳಗೇ ಸೇರಿರಬೇಕು ಎಂದು 2016ರಲ್ಲಿ ತೀರ್ಪಾಯಿತು. ಎರಡೂ ನ್ಯಾಯವಾದವೇ. ಆದರೆ ಬೆಲೆ ಹೇಳಿದವರು ಸರಿಯಾಗಿ ಹೇಳಿದರೇ ಎಂದು ಕೇಳುವ ಇಂಥ ನಿಯಮಗಳು ಜಾಹೀರಾತಿನಲ್ಲಿ ಬೆಲೆಯನ್ನೇ ಹಾಕದವರ ತಂಟೆಗೆ ಹೋಗುವುದಿಲ್ಲ. ಅರ್ಧ ಬೆಲೆ ಹೇಳಿದವರು ಸಿಕ್ಕಿಬೀಳುತ್ತಾರೆ, ಪೂರ್ತಿ ಮುಚ್ಚಿಟ್ಟವರು ಆರಾಮವಾಗಿರುತ್ತಾರೆ.

ಮಾರುವವರ ಕಡೆಯ ಮಾತನ್ನೂ ಕೇಳಿದ್ದೇನೆ. ಕೇಳಿದ ಕಡೆಯಲ್ಲೆಲ್ಲ ಹೆಚ್ಚುಕಡಿಮೆ ಅದೇ ಉತ್ತರಗಳು.

"ಮೇಡಂ, ಪ್ರತಿ ಕ್ಯಾರವಾನೂ ಬೇರೆ ಬೇರೆ. ಕೊಳ್ಳೋರು ಕೇಳಿದ ಹಾಗೆ ಮಾಡಿಸಿಕೊಡ್ತೀವಿ. ಒಂದೇ ಬೆಲೆ ಅಂತ ಹೇಗೆ ಹಾಕೋದು?" ಇದರಲ್ಲಿ ಹಳೆಯ ಕಾಲದ ಸತ್ಯವಿದೆ. ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ಮಾಜಿ ವೈದ್ಯರು 1885ರಲ್ಲಿ ಬ್ರಿಸ್ಟಲ್‌ನ ಗಾಡಿ ಕಾರ್ಖಾನೆಯೊಂದರಲ್ಲಿ 'ವಾಂಡರರ್' ಎಂಬ ಕುದುರೆ ಎಳೆಯುವ ಕ್ಯಾರವಾನ್ ಮಾಡಿಸಿಕೊಂಡರು. ಸಂತೋಷಕ್ಕಾಗಿ ತಿರುಗಾಡಲೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಅದನ್ನು ಹೇಳುತ್ತಾರೆ. ಅದು ಒಬ್ಬರಿಗಾಗಿ ಮಾಡಿದ ಒಂದೇ ಗಾಡಿ. ಅಂಥದ್ದಕ್ಕೆ ಬೆಲೆ ಪಟ್ಟಿ ಎಲ್ಲಿಂದ ಬರಬೇಕು? ಆದರೆ ಇಂದು ನಾನು ನೋಡುತ್ತಿರುವ 11ಕ್ಕೂ ಮಾದರಿಯ ಹೆಸರಿದೆ, ಒಳವಿನ್ಯಾಸಕ್ಕೆ ಸಂಖ್ಯೆಯಿದೆ, ಒಂದೇ ಸಾಲಿನಲ್ಲಿ ಒಂದಾದ ಮೇಲೊಂದು ಜೋಡಣೆಯಾಗಿ ಹೊರಬರುತ್ತವೆ. ಬದಲಾಗುವುದು ಸೋಲಾರ್ ಪ್ಯಾನೆಲ್ ಎಷ್ಟು, ಬ್ಯಾಟರಿ ಯಾವುದು, ಬಟ್ಟೆಯ ಬಣ್ಣ ಏನು ಅನ್ನುವಂಥವು. ಅವುಗಳ ಬೆಲೆಯನ್ನೂ ಕೆಳಗೆ ಸಾಲಾಗಿ ಬರೆಯಬಹುದು.

ಡೀಲರ್‌ಗಳು ಸ್ವತಂತ್ರರು, ಅವರು ಎಷ್ಟಕ್ಕೆ ಮಾರಬೇಕೆಂದು ನಾವು ಹೇಳುವ ಹಾಗಿಲ್ಲ ಎನ್ನುವುದು ತಯಾರಕರ ಮಾತು. ಇದೂ ನಿಜವೇ. ಇಷ್ಟಕ್ಕಿಂತ ಕಡಿಮೆಗೆ ಮಾರಬೇಡಿ ಎಂದು ತಯಾರಕರು ಕಟ್ಟುಹಾಕುವುದನ್ನು ಅನೇಕ ದೇಶಗಳ ಸ್ಪರ್ಧಾ ಕಾನೂನು ತಡೆಯುತ್ತದೆ. ಆದರೆ ಅದೇ ಕಾನೂನುಗಳು ಶಿಫಾರಸು ಬೆಲೆಯನ್ನು ಪ್ರಕಟಿಸಲು ಬಿಡುತ್ತವೆ. ಅದಕ್ಕಿಂತ ಕಡಿಮೆಗೆ ಮಾರಲು ಡೀಲರ್ ಸ್ವತಂತ್ರರು. ಅಷ್ಟಾದರೂ ಹಾಕಿ ಎಂದೇ ನಾನು ಕೇಳುತ್ತಿರುವುದು.

2020ರ ನಂತರ ಇನ್ನೊಂದು ಕಾರಣ ಸೇರಿಕೊಂಡಿತು. ಸೋಂಕಿನ ಭಯಕ್ಕೆ ಎಲ್ಲರಿಗೂ ತಮ್ಮದೇ ಹಾಸಿಗೆಯಲ್ಲಿ ಮಲಗುವ ತಿರುಗಾಟ ಬೇಕಾಯಿತು, ಬೇಡಿಕೆ ಏರಿತು. ಅಲ್ಯೂಮಿನಿಯಂ, ಪ್ಲೈವುಡ್, ಉಕ್ಕು, ಎಲ್ಲದರ ದರವೂ ಅಲುಗಾಡಿತು. ಆ ಎರಡು ಮೂರು ವರ್ಷ ಬೆಲೆ ಅಚ್ಚು ಹಾಕಿಸುವುದು ನಿಜಕ್ಕೂ ಕಷ್ಟವಾಗಿತ್ತು ಎಂದು ಒಪ್ಪುತ್ತೇನೆ. ಆದರೆ ಅಂಗಳದಲ್ಲಿ ತಯಾರಾಗಿ ನಿಂತಿರುವ ಗಾಡಿಗೆ ಈ ಕಾರಣ ಸಲ್ಲುವುದಿಲ್ಲ. ಅದಕ್ಕೆ ಹಾಕಿದ ಪ್ಲೈವುಡ್‌ಗೆ ದುಡ್ಡು ಕೊಟ್ಟಾಗಿದೆ. ಮುಂದೆ ತಯಾರಾಗುವುದಕ್ಕೂ, ಇಂದಿನ ಬೆಲೆ ಇಷ್ಟು ಎಂದು ಬರೆದು ಪಕ್ಕದಲ್ಲಿ ತಾರೀಖು ಹಾಕಿದರೆ ಸಾಕು.

ಎಲ್ಲಕ್ಕಿಂತ ಪ್ರಾಮಾಣಿಕವಾದ ಉತ್ತರ ಕೊಟ್ಟದ್ದು ಒಬ್ಬ ಹಿರಿಯ ಮಾರಾಟಗಾರರು. ಬೆಲೆ ಹಾಕಿದರೆ ಪಕ್ಕದವರು ನೋಡಿ ಇನ್ನೂ ಸ್ವಲ್ಪ ಕಡಿಮೆ ಹಾಕುತ್ತಾರೆ ಎಂದರು. ಅವರ ನೇರ ಮಾತಿಗೆ ನನಗೆ ಗೌರವವಿದೆ. ಆದರೆ ಅವರು ಹೇಳಿದ್ದು ಬೆಲೆ ಮುಚ್ಚಿಡುವುದಕ್ಕೆ ಕಾರಣವೋ, ಬೆಲೆ ಹಾಕಬೇಕು ಅನ್ನುವುದಕ್ಕೆ ಕಾರಣವೋ? ಪಕ್ಕದವರು ಕಡಿಮೆ ಮಾಡಿದರೆ ಉಳಿಯುವುದು ನನ್ನ ದುಡ್ಡು.

ಇದರ ಹಿಂದಿರುವ ಲೆಕ್ಕವನ್ನು ಅರ್ಥಶಾಸ್ತ್ರಜ್ಞರು ಬಹಳ ಹಿಂದೆಯೇ ಬಿಡಿಸಿದ್ದಾರೆ. 1961ರಲ್ಲಿ ಜಾರ್ಜ್ ಸ್ಟಿಗ್ಲರ್, ಒಂದೇ ವಸ್ತುವಿಗೆ ಅಂಗಡಿಯಿಂದ ಅಂಗಡಿಗೆ ಬೆಲೆ ಎಷ್ಟು ವ್ಯತ್ಯಾಸವಾಗುತ್ತದೆಯೋ ಅದು ಕೊಳ್ಳುವವರಿಗೆ ಗೊತ್ತಿಲ್ಲದಿರುವುದರ ಅಳತೆ ಎಂದು ತೋರಿಸಿದರು. 1971ರಲ್ಲಿ ಪೀಟರ್ ಡೈಮಂಡ್ ಇನ್ನೂ ಮುಂದೆ ಹೋದರು. ಬೆಲೆ ತಿಳಿದುಕೊಳ್ಳಲು ಒಂದೊಂದು ಅಂಗಡಿಗೂ ಹೋಗಬೇಕು, ಹೋಗಲು ತುಸುವೇ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಎದುರಿಗೆ ನಿಂತ ಗಿರಾಕಿ ಇನ್ನೊಂದು ಅಂಗಡಿಗೆ ಹೋಗಬೇಕಾದರೆ ಆ ಖರ್ಚನ್ನು ಮತ್ತೆ ಹೊರಬೇಕು ಎಂದು ಪ್ರತಿ ಮಾರಾಟಗಾರರಿಗೂ ಗೊತ್ತು. ಹಾಗಾಗಿ ಅಷ್ಟರಮಟ್ಟಿಗೆ ಬೆಲೆ ಏರಿಸಬಹುದು. ಎಲ್ಲರೂ ಏರಿಸುತ್ತಾರೆ. ಏರಿದ ಬೆಲೆಯಿಂದ ಮತ್ತೆ ಅದೇ ಲೆಕ್ಕ. ಕೊನೆಗೆ ಅಂಗಡಿಗಳು ಎಷ್ಟೇ ಇರಲಿ, ಬೆಲೆ ಒಬ್ಬನೇ ವ್ಯಾಪಾರಿ ಇದ್ದಾಗ ಇರುವಷ್ಟಕ್ಕೆ ಹೋಗಿ ನಿಲ್ಲುತ್ತದೆ. ಸ್ಟಿಗ್ಲರ್‌ಗೆ 1982ರಲ್ಲಿ, ಡೈಮಂಡ್‌ಗೆ 2010ರಲ್ಲಿ ನೊಬೆಲ್ ಬಂತು. ಡೈಮಂಡ್ ಲೆಕ್ಕದಲ್ಲಿ ತುಸು ಖರ್ಚು ಸಾಕಾಗಿತ್ತು. ನಮ್ಮ ಖರ್ಚು ಹೋಗಿ ಬರಲು ನಾಲ್ಕು ಗಂಟೆ, ಒಂದು ಟ್ಯಾಂಕ್ ಇಂಧನ, ಒಂದು ಇಡೀ ಭಾನುವಾರ.

ಈಗ ಆ ತಿರುಗಿದ ಮುಖದ ಮಾತಿಗೆ ಬರುತ್ತೇನೆ. ಇಯಾನ್ ಏರ್ಸ್ ಎಂಬ ಅಮೆರಿಕದ ಕಾನೂನು ಪ್ರಾಧ್ಯಾಪಕರು ಷಿಕಾಗೋ ಸುತ್ತಮುತ್ತಲಿನ ಹೊಸ ಕಾರಿನ ಡೀಲರ್‌ಗಳ ಬಳಿಗೆ ಬಿಳಿಯರು, ಕಪ್ಪುಜನ, ಗಂಡಸರು, ಹೆಂಗಸರು, ಹೀಗೆ ಬೇರೆ ಬೇರೆಯವರನ್ನು ಕಳಿಸಿದರು. ಎಲ್ಲರೂ ಆಡಬೇಕಾದ ಮಾತು ಒಂದೇ, ಚೌಕಾಶಿಯ ಕ್ರಮವೂ ಒಂದೇ. 1991ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬಿಳಿಯ ಗಂಡಸರಿಗೆ ಸಿಕ್ಕ ಬೆಲೆ ಎಲ್ಲರಿಗಿಂತ ಕಡಿಮೆ ಇತ್ತು. ಹೆಂಗಸರಿಗೂ ಕಪ್ಪುಜನರಿಗೂ ಹೆಚ್ಚು ಹೇಳಿದ್ದರು. ನೆನಪಿಡಿ, ಆ ಕಾರುಗಳ ಗಾಜಿಗೆ 1958ರ ಚೀಟಿ ಅಂಟಿಸಿತ್ತು. ಚೀಟಿ ಇದ್ದೂ ಹೀಗಾದರೆ, ಚೀಟಿಯೇ ಇಲ್ಲದ ಕಡೆ ಏನಾಗಬಹುದು?

ನಾವೂ ನೋಡಿಯೇಬಿಡೋಣ ಎಂದುಕೊಂಡೆವು. ಪಟ್ಟಿಯ ನಾಲ್ಕನೆಯ ಕ್ಯಾರವಾನ್‌ಗೆ ಒಂದು ವಾರ ನಾನು ಫೋನ್ ಮಾಡಿದೆ, ಮುಂದಿನ ವಾರ ನಮ್ಮವರು ಒಬ್ಬರೇ ಹೋದರು. ಅದೇ ಅಂಗಡಿ, ಅದೇ ಮಾದರಿ, ಅದೇ ಸಲಕರಣೆ. ನನಗೆ ಬಹಳ ಒತ್ತಾಯಿಸಿದ ಮೇಲೆ 'ಸುಮಾರು' ಎಂದು ಹೇಳಿದ ಬೆಲೆಗೂ ಅವರಿಗೆ ಚೀಟಿಯಲ್ಲಿ ಬರೆದುಕೊಟ್ಟ ಬೆಲೆಗೂ ಇದ್ದ ವ್ಯತ್ಯಾಸದಲ್ಲಿ ಎರಡು ಸೋಲಾರ್ ಪ್ಯಾನೆಲ್, ಒಂದು ಲಿಥಿಯಂ ಬ್ಯಾಟರಿ ಬರುತ್ತಿತ್ತು. ಒಂದೇ ಸಲದ ಅನುಭವದಿಂದ ನಾನು ಯಾರ ಮೇಲೂ ಭೇದಭಾವದ ಆರೋಪ ಹೊರಿಸುವುದಿಲ್ಲ. ಆ ವಾರದಲ್ಲಿ ನಿಜವಾಗಿಯೂ ಏನೋ ರಿಯಾಯಿತಿ ಬಂದಿದ್ದಿರಬಹುದು. ಆದರೆ ಯಾವುದು ನಿಜವೆಂದು ತಿಳಿಯಲು ನನ್ನ ಬಳಿ ಏನೂ ಇಲ್ಲ. ಬೆಲೆ ಬರೆದಿದ್ದರೆ ಈ ಅನುಮಾನಕ್ಕೆ ಜಾಗವೇ ಇರುತ್ತಿರಲಿಲ್ಲ. ಅಂದು ರಾತ್ರಿ ಎಷ್ಟೋ ಹೊತ್ತು ನಿದ್ದೆ ಬರಲಿಲ್ಲ.

ಹೀಗಿರುವಾಗ ಒಂದು ದಿನ ತೂಕದ ಕಾಲಂ ನೋಡುತ್ತಿದ್ದೆ. ಕ್ಯಾರವಾನ್ ಕೊಳ್ಳುವವರಿಗೆ ತೂಕ ಪ್ರಾಣದ ವಿಷಯ. ಕಾರಿಗೆ ಎಳೆಯಲು ಅನುಮತಿ ಇರುವ ಮಿತಿ ಮೀರಿದರೆ ಇಳಿಜಾರಿನಲ್ಲಿ ಹಿಂದಿನ ಗಾಡಿ ಮುಂದಿನದನ್ನು ತಳ್ಳುತ್ತದೆ. ಮುಂಭಾಗದಲ್ಲಿ ಭಾರ ಕಡಿಮೆಯಾಗಿ ಹಿಂಭಾಗದಲ್ಲಿ ಹೆಚ್ಚಾದರೆ ವೇಗದಲ್ಲಿ ಗಾಡಿ ಅತ್ತಿತ್ತ ತೊನೆಯಲು ಶುರುವಾಗುತ್ತದೆ. ಅದಕ್ಕಾಗಿಯೇ ಗರಿಷ್ಠ ತೂಕವನ್ನು ಲೋಹದ ಫಲಕದಲ್ಲಿ ಕೊರೆದು ಗಾಡಿಗೇ ಜಡಿಯುತ್ತಾರೆ. ಹಾಗೆ ಜಡಿಯಬೇಕೆಂದು ನಿಯಮವಿದೆ. ಗರಿಷ್ಠ ತೂಕದಲ್ಲಿ ಖಾಲಿ ತೂಕ ಕಳೆದು ಉಳಿದದ್ದರಲ್ಲೇ ನಮ್ಮ ಬಟ್ಟೆ, ಪಾತ್ರೆ, ನೀರು, ಎಲ್ಲವೂ ಹಿಡಿಯಬೇಕು. 100 ಲೀಟರಿನ ಟ್ಯಾಂಕು ತುಂಬಿಸಿದರೆ ಅದೇ 100 ಕಿಲೋ. ಮೇಲೆ ಆನಿಂಗ್, ಅಂದರೆ ಬಾಗಿಲ ಮುಂದೆ ನೆರಳಿಗೆ ಬಿಚ್ಚುವ ಬಟ್ಟೆಯ ಚಪ್ಪರ, ಹಾಕಿಸಿದೆವೋ, ಎರಡನೇ ಬ್ಯಾಟರಿ ಇಡಿಸಿದೆವೋ, ಉಳಿದದ್ದು ಇನ್ನಷ್ಟು ಕರಗುತ್ತದೆ. ಅಂದರೆ ಕೊಳ್ಳುವವರು ಆರಿಸುವ ಪ್ರತಿ ಸಲಕರಣೆಗೂ ಎರಡು ಅಂಕಿಗಳಿರುತ್ತವೆ, ಒಂದು ಕಿಲೋದಲ್ಲಿ, ಒಂದು ದುಡ್ಡಿನಲ್ಲಿ. ಎರಡನ್ನೂ ಒಟ್ಟಿಗೆ ನೋಡದೆ ಬೇಕೋ ಬೇಡವೋ ಎಂದು ನಿರ್ಧರಿಸಲು ಬರುವುದಿಲ್ಲ.

ಇದೇ ಮಾತನ್ನು ಅಕ್ಷರಶಃ ಅಚ್ಚು ಹಾಕಿಸಿದವರಿದ್ದಾರೆ ಎಂದು ತಿಳಿದಾಗ ನನಗಾದ ಸಂತೋಷ ಹೇಳತೀರದು. ಜರ್ಮನಿಯ ಅನೇಕ ತಯಾರಕರು ಪ್ರತಿ ವರ್ಷದ ಮಾದರಿಗಳಿಗೂ ಪೂರ್ತಿ ಬೆಲೆ ಪಟ್ಟಿ ಪ್ರಕಟಿಸುತ್ತಾರೆ. ಅಲ್ಲಿ ಪ್ರತಿ ಒಳವಿನ್ಯಾಸದ ಬೆಲೆಯಿದೆ. ಅದರ ಕೆಳಗೆ ಪುಟಗಟ್ಟಲೆ ಹೆಚ್ಚುವರಿ ಸಲಕರಣೆಗಳು. ಒಂದೊಂದರ ಎದುರೂ ಎಷ್ಟು ಕಿಲೋ ಕೂಡುತ್ತದೆ, ಎಷ್ಟು ಯೂರೋ ಕೂಡುತ್ತದೆ ಎಂದು ಎರಡು ಕಾಲಂ. ಯಾರಿಗೂ ಫೋನ್ ನಂಬರ್ ಕೊಡಬೇಕಿಲ್ಲ. ನನ್ನ ಲೆಕ್ಕದ ಪುಸ್ತಕದ ಪುಟವನ್ನೇ ಯಾರೋ ತುಂಬಿಸಿಕೊಟ್ಟಂತಿತ್ತು. ಅಲ್ಲಿಯೂ ಡೀಲರ್‌ಗಳಿದ್ದಾರೆ, ಅಲ್ಲಿಯೂ ಪ್ಲೈವುಡ್ ದರ ಏರುತ್ತದೆ, ಪಕ್ಕದವರು ಅಲ್ಲಿಯೂ ಕಣ್ಣಿಟ್ಟಿರುತ್ತಾರೆ. ಆದರೂ ಕ್ಯಾರವಾನ್ ಉದ್ಯಮ ಮುಳುಗಿಲ್ಲ. ಈ ಉದ್ಯಮದ ದೊಡ್ಡ ಮೇಳ ಪ್ರತಿ ವರ್ಷ ನಡೆಯುವುದೂ ಅದೇ ದೇಶದ ಡ್ಯೂಸೆಲ್‌ಡಾರ್ಫ್‌ನಲ್ಲಿ. ನಾವು ನೋಡುತ್ತಿರುವ ಗಾಡಿಗಳು ಅವರವಲ್ಲ, ಹಾಗಾಗಿ ಆ ಪಟ್ಟಿ ನಮ್ಮ ಕಾಲಂ ತುಂಬಿಸುವುದಿಲ್ಲ. ಆದರೆ ಇದು ಆಗುವ ಕೆಲಸವಲ್ಲ ಎಂದು ಯಾರಾದರೂ ಹೇಳಿದರೆ ಇನ್ನು ನಾನು ನಂಬುವುದಿಲ್ಲ.

ಬೆಲೆ ಮುಚ್ಚಿಡುವುದರಿಂದ ಹೋಗುವುದು ಹಣವಷ್ಟೇ ಎಂದು ಮೊದಲು ತಿಳಿದಿದ್ದೆ. ಈಗ ಇನ್ನೊಂದು ನಷ್ಟ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಗಂಡ ಹೆಂಡತಿ ಮನೆಯಲ್ಲಿ ಕೂತು, ಯಾರ ಒತ್ತಡವೂ ಇಲ್ಲದೆ, ಇದು ನಮಗೆ ಆಗುತ್ತದೆ, ಇದು ಆಗುವುದಿಲ್ಲ ಎಂದು ಮಾತಾಡಿಕೊಳ್ಳುವ ಅವಕಾಶ ಹೋಯಿತು. ಅಂಗಡಿಯಲ್ಲಿ ನಡೆಯುವ ಕ್ರಮ ನೋಡಿ. ಮೊದಲು ಹಾಸಿಗೆಯ ಮೇಲೆ ಮಲಗಿಸುತ್ತಾರೆ. ಕಿಟಕಿ ತೆರೆದು ತೋರಿಸುತ್ತಾರೆ. ಈ ಕಿಟಕಿಯಾಚೆ ಕಡಲು ಕಂಡರೆ ಹೇಗಿರುತ್ತದೆ ಎಂದು ನಮ್ಮ ಬಾಯಿಂದಲೇ ಹೇಳಿಸುತ್ತಾರೆ. ಮನಸ್ಸು ಅಲ್ಲಿ ನೆಲೆಸಿದ ಮೇಲೆ ಒಳಗೆ ಕರೆದು ಕೂರಿಸಿ, ಕಾಗದದ ಮೇಲೆ ಅಂಕಿ ಬರೆದು ನಮ್ಮ ಕಡೆ ತಿರುಗಿಸುತ್ತಾರೆ. ಆಗ ಬೇಡವೆನ್ನುವುದು ಕೈಗೆ ಬಂದ ಮನೆಯನ್ನು ಬಿಟ್ಟಂತೆ ನೋಯುತ್ತದೆ. ಎರಡನೇ ಶೋರೂಮಿನಲ್ಲಿ ನಮಗೆ ಹಾಗೇ ಆಯಿತು. ಅಂಕಿ ನೋಡಿ ನಮ್ಮವರು ಏನೂ ಮಾತಾಡದೆ ಕನ್ನಡಕ ತೆಗೆದು ಒರೆಸತೊಡಗಿದರು. 41 ವರ್ಷ ಜೊತೆಗಿದ್ದೇನೆ, ಅವರು ಹಾಗೆ ಮಾಡುವುದು ಯಾವಾಗ ಎಂದು ನನಗೆ ಗೊತ್ತು. ಅಂಥ ಮುಜುಗರವನ್ನು ಪರಿಚಯವಿಲ್ಲದವರ ಮುಂದೆ ಯಾರೂ ಅನುಭವಿಸಬೇಕಾಗಿಲ್ಲ. ಅದೇ ಅಂಕಿಯನ್ನು ನಮ್ಮ ಅಡುಗೆಮನೆಯಲ್ಲಿ ಓದಿದ್ದರೆ ಸುಮ್ಮನೆ ಆ ಸಾಲಿಗೊಂದು ಗೆರೆ ಎಳೆದು ಮುಂದಿನದನ್ನು ನೋಡುತ್ತಿದ್ದೆವು.

ಮಾರಾಟಕ್ಕೆ ನಿಂತ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಬಜೆಟ್ ಕೇಳಿದ ಆ ಯುವಕ ನಾವು ಹೊರಡುವಾಗ ಕಾರಿನವರೆಗೂ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಬೆಲೆ ಮೊದಲೇ ಹೇಳಬಾರದು ಅಂತ ಆಫೀಸಿನವರು ಹೇಳಿದ್ದಾರೆ ಮೇಡಂ. ದಿನಕ್ಕೆ ಹತ್ತು ಜನ ಕೇಳ್ತಾರೆ, ಹತ್ತು ಜನಕ್ಕೂ ಇದನ್ನೇ ಹೇಳಬೇಕು." ಅವನ ದಿನವೂ ಹೀಗೆಯೇ ಹಾಳಾಗುತ್ತಿದೆ. ಕೊಳ್ಳಲಾಗದವರಿಗೆ ಗಾಡಿ ತೋರಿಸುತ್ತ, ಕೊಳ್ಳಬಲ್ಲವರ ಸಿಟ್ಟು ಕೇಳಿಸಿಕೊಳ್ಳುತ್ತ.

ಹೋದ ತಿಂಗಳು ಒಂದು ನಿರ್ಧಾರ ಮಾಡಿದೆವು. ಒಂದು ಅಂಕಿಯನ್ನಾದರೂ ಬರೆದಿಟ್ಟವರ ಬಳಿಗೆ ಮಾತ್ರ ಹೋಗುವುದು. 11 ಸಾಲುಗಳಲ್ಲಿ 9ಕ್ಕೆ ಗೆರೆ ಬಿತ್ತು. ಅದರಲ್ಲಿ ನಾವು ತುಂಬ ಇಷ್ಟಪಟ್ಟಿದ್ದ, ತಲೆಯ ಕಡೆ ಅಗಲವಾದ ಕಿಟಕಿಯಿದ್ದ ಒಂದೂ ಹೋಯಿತು. ಅದಕ್ಕೆ ಗೆರೆ ಎಳೆಯುವಾಗ ಕೈ ಸ್ವಲ್ಪ ತಡೆಯಿತು.

ಉಳಿದ ಎರಡರಲ್ಲಿ ಒಂದನ್ನು ನೋಡಲು ಮೊನ್ನೆ ಹೋಗಿದ್ದೆವು. ದೊಡ್ಡ ಅಂಗಡಿಯಲ್ಲ, ಅಂಗಳದಲ್ಲಿ ಐದೇ ಕ್ಯಾರವಾನ್‌ಗಳು. ಪ್ರತಿಯೊಂದರ ಬಾಗಿಲಿಗೂ ಅಂಗೈಯಗಲದ ಕಾರ್ಡು. ಮೂಲ ಬೆಲೆ, ಹಾಕಿಸಿದ ಸಲಕರಣೆ ಒಂದೊಂದಕ್ಕೂ ಎಷ್ಟು, ನೋಂದಣಿ ಸೇರಿ ಒಟ್ಟು ಎಷ್ಟು, ಕೆಳಗೆ ತಾರೀಖು. ಒಟ್ಟು ಬೆಲೆ ನಾವು ಅಂದುಕೊಂಡಿದ್ದಕ್ಕಿಂತ ತುಸು ಹೆಚ್ಚೇ ಇತ್ತು. ಕಾರ್ಡಿನ ಮುಂದೆ ಇಬ್ಬರೂ ಸ್ವಲ್ಪ ಹೊತ್ತು ನಿಂತೆವು. ಯಾರೂ ಓಡಿ ಬರಲಿಲ್ಲ. ಆನಿಂಗ್ ಈಗಲೇ ಬೇಡ, ಮುಂದಿನ ವರ್ಷ ಹಾಕಿಸಿಕೊಂಡರಾಯಿತು ಎಂದು ನಮ್ಮವರು ಮೆಲ್ಲಗೆ ಹೇಳಿದರು. ಕಾರ್ಡಿನಲ್ಲಿ ಅದರ ಬೆಲೆ ನೋಡಿ ಮನಸ್ಸಿನಲ್ಲೇ ಕಳೆದೆ. ಆಗುತ್ತಿತ್ತು.

ಆಮೇಲೆ ಅಂಗಡಿಯ ಯಜಮಾನರನ್ನು ಕರೆದೆವು. ಛಾವಣಿಯೂ ಗೋಡೆಯೂ ಸೇರುವ ಕಡೆ ನೀರು ಇಳಿಯದಂತೆ ಯಾವ ಸೀಲೆಂಟ್ ಹಾಕಿದ್ದಾರೆ, ಎಷ್ಟು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು ಎಂದು ಕೇಳಿದೆ. ಅವರು ಏಣಿ ತಂದು ನನ್ನನ್ನೇ ಹತ್ತಿಸಿ ತೋರಿಸಿದರು. ಚೌಕಟ್ಟಿನಲ್ಲಿ ಎಲ್ಲೆಲ್ಲಿ ಮರ, ಎಲ್ಲೆಲ್ಲಿ ಅಲ್ಯೂಮಿನಿಯಂ ಎಂದು ವಿವರಿಸಿದರು. ಹಾಸಿಗೆ ಎತ್ತಿ ಚಕ್ರದ ಮೇಲಿನ ಕಮಾನನ್ನು ಒಳಗಿನಿಂದ ತೋರಿಸಿ, ನೀರು ಮೊದಲು ಬರುವುದು ಇಲ್ಲಿಂದಲೇ, ವರ್ಷಕ್ಕೊಮ್ಮೆ ಇಲ್ಲಿ ಕೈ ಹಾಕಿ ನೋಡಿ ಎಂದರು. ನೀರು ಸೋರಿದರೆ ವಾರಂಟಿ ಯಾರದು, ಊರಿಂದ ದೂರವಿದ್ದಾಗ ಕೆಟ್ಟರೆ ರಿಪೇರಿ ಎಲ್ಲಿ ಮಾಡಿಸಬೇಕು, ಎಲ್ಲವನ್ನೂ ಕೇಳಿದೆವು. ನಮ್ಮವರು ನೆಲದ ಮೇಲೆ ಅಂಗಾತ ಮಲಗಿ ಚಾಸಿ ನೋಡಿ ಬಂದರು, ಅಂಗಿಯ ಬೆನ್ನೆಲ್ಲ ಧೂಳು.

ಒಂದೂವರೆ ಗಂಟೆ ಅಲ್ಲಿದ್ದೆವು. ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ನಮ್ಮವರು ಹೇಳಿದ ಮೇಲೆಯೇ ನನಗೂ ಗಮನಕ್ಕೆ ಬಂದದ್ದು. ಅಷ್ಟು ಹೊತ್ತಿನಲ್ಲಿ ಆ ಯಜಮಾನರಾಗಲಿ ನಾವಾಗಲಿ ಬೆಲೆಯ ಮಾತು ಎತ್ತಿರಲೇ ಇಲ್ಲ.